ಪುಟ್ಟ ವಿಮಾನಕ್ಕೊಂದು ಸ್ಪ್ಯಾನರ್ ಚೀಲ

1930ರ ಮೇ ತಿಂಗಳು. ಈಜಿಪ್ಟಿನ ಅಲೆಕ್ಸಾಂಡ್ರಿಯಾ ಪಕ್ಕದ ಅಬೂಕೀರ್ ವಾಯುನೆಲೆಯಲ್ಲಿ ಹದಿನೇಳರ ಹರೆಯದ ಹುಡುಗನೊಬ್ಬ ತನ್ನ ಜಿಪ್ಸಿ ಮಾತ್ ವಿಮಾನದ ಜೊತೆ ಸಿಕ್ಕಿಬಿದ್ದಿದ್ದ. ಹೆಸರು ಆಸ್ಪಿ ಎಂಜಿನಿಯರ್. ಇಂಗ್ಲೆಂಡು ಮತ್ತು ಭಾರತದ ನಡುವೆ ಒಬ್ಬಂಟಿಯಾಗಿ ಹಾರುವ ಮೊದಲ ಭಾರತೀಯನಿಗೆ ಆಗಾ ಖಾನರು 500 ಪೌಂಡುಗಳ ಬಹುಮಾನ ಘೋಷಿಸಿದ್ದರು. ಆಸ್ಪಿ ಇಂಗ್ಲೆಂಡಿನಿಂದ ಕರಾಚಿಯತ್ತ ಹೊರಟಿದ್ದರು. ಅದೇ ಬಹುಮಾನಕ್ಕಾಗಿ ಕರಾಚಿಯಿಂದ ಇಂಗ್ಲೆಂಡಿನತ್ತ ಹೊರಟಿದ್ದ ಇನ್ನೊಬ್ಬ ತರುಣ ಅಲ್ಲಿಗೇ ಬಂದಿಳಿದರು. ಅವರು ಜೆ.ಆರ್.ಡಿ. ಟಾಟಾ. ಆಸ್ಪಿಯ ವಿಮಾನ ನಿಂತಿದ್ದು ಸ್ಪಾರ್ಕ್ ಪ್ಲಗ್ಗಿಲ್ಲದೆ. ಜೆ.ಆರ್.ಡಿ. ಬಳಿ ಹೆಚ್ಚುವರಿ ಪ್ಲಗ್ಗಿತ್ತು. ಪೈಪೋಟಿಯಲ್ಲಿದ್ದ ಎದುರಾಳಿಗೆ ಅದನ್ನು ಕೊಟ್ಟುಬಿಟ್ಟರು. ಆಸ್ಪಿ ಕರಾಚಿ ತಲುಪಿ ಬಹುಮಾನ ಗೆದ್ದರು, ಜೆ.ಆರ್.ಡಿ. ಕೆಲವೇ ಗಂಟೆಗಳ ಅಂತರದಲ್ಲಿ ಸೋತರು.

ಈ ಪ್ರಸಂಗವನ್ನು ಜೆ.ಆರ್.ಡಿ. ಅವರ ದೊಡ್ಡತನಕ್ಕೆ ಉದಾಹರಣೆಯಾಗಿ ಎಲ್ಲರೂ ಹೇಳುತ್ತಾರೆ, ಅದು ಸರಿಯೇ. ಅದರೊಳಗೆ ಇನ್ನೊಂದು ಮಾತೂ ಇದೆ. ಪುಟ್ಟ ವಿಮಾನವನ್ನು ದಾರಿಯಲ್ಲಿ ನಿಲ್ಲಿಸುವುದು ಬಹಳ ಸಲ ಮುಷ್ಟಿಯೊಳಗೆ ಹಿಡಿಯುವಷ್ಟು ಚಿಕ್ಕ ವಸ್ತು. ಅದನ್ನು ಮತ್ತೆ ಎಬ್ಬಿಸುವುದೂ ಮನೆಯಲ್ಲೇ ಯೋಚಿಸಿ ಚೀಲಕ್ಕೆ ಹಾಕಿಕೊಂಡ ಅಷ್ಟೇ ಚಿಕ್ಕ ವಸ್ತು. ಎರಡು ಅಥವಾ ನಾಲ್ಕು ಸೀಟಿನ ವಿಮಾನದಲ್ಲಿ ಊರಿಂದೂರಿಗೆ ಹೋಗುವವರು ಸಲಕರಣೆಗಳ ಚೀಲವನ್ನು ಹೇಗೆ ಕಟ್ಟಿಕೊಳ್ಳಬೇಕು ಎಂಬುದು ಹಾರಾಟದ ಪಾಠದಷ್ಟೇ ಮುಖ್ಯವಾದ ಪಾಠ ಎಂದು ನಾನು ನಂಬಿದ್ದೇನೆ.

ಬೆಂಗಳೂರಿನ ನಂಟು

ಆ ಹುಡುಗ ಆಸ್ಪಿ ಮುಂದೆ ನಮ್ಮೂರಿಗೇ ಬಂದರು. ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯ ಆಡಳಿತ ನಿರ್ದೇಶಕರಾಗಿದ್ದು, 1960ರಲ್ಲಿ ವಾಯುಪಡೆಯ ಮುಖ್ಯಸ್ಥರಾದರು. ಜೆ.ಆರ್.ಡಿ. ಆರಂಭಿಸಿದ ವಿಮಾನ ಅಂಚೆಗೂ ಕರ್ನಾಟಕದ ನೆಲದ ನಂಟಿದೆ. 1932ರ ಅಕ್ಟೋಬರ್ 15ರಂದು ಅವರು ಕರಾಚಿಯಿಂದ ಮುಂಬಯಿಗೆ ಪಸ್ ಮಾತ್ ವಿಮಾನದಲ್ಲಿ ಅಂಚೆ ತಂದರು. ಅಲ್ಲಿಂದ ಮದ್ರಾಸಿಗೆ ಅದನ್ನು ಒಯ್ದ ನೆವಿಲ್ ವಿನ್ಸೆಂಟ್ ನಡುವೆ ಇಳಿದದ್ದು ನಮ್ಮ ಬಳ್ಳಾರಿಯಲ್ಲಿ. ಆಗ ಅಂಥ ಊರುಗಳಲ್ಲಿ ವಿಮಾನ ರಿಪೇರಿಯ ಗ್ಯಾರೇಜು ಇರಲಿಲ್ಲ. ಪೈಲಟ್ ಹೊತ್ತು ತಂದದ್ದೇ ಗ್ಯಾರೇಜು.

1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆಗೂಡಿ ಕಟ್ಟಿದ ಆ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಪುಟ್ಟ ವಿಮಾನಗಳ ತವರಾಯಿತು. ವಿ.ಎಂ. ಘಾಟಗೆ ಅವರ ವಿನ್ಯಾಸದ ಎಚ್‌ಟಿ-2 ತರಬೇತಿ ವಿಮಾನ 1951ರ ಆಗಸ್ಟ್ 5ರಂದು ಮೊದಲು ಹಾರಿತು. 1958ರಲ್ಲಿ ಬಟ್ಟೆ ಹೊದಿಸಿದ ಎರಡು ಸೀಟಿನ ಪುಷ್ಪಕ್ ಬಂತು. ತೊಂಬತ್ತು ಅಶ್ವಶಕ್ತಿಯ ಎಂಜಿನ್ನಿನ ಆ ವಿಮಾನ ದೇಶದ ಹಾರಾಟ ಕ್ಲಬ್ಬುಗಳಲ್ಲಿ ಒಂದು ತಲೆಮಾರಿಗೆ ಹಾರುವುದನ್ನು ಕಲಿಸಿತು. ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ ಹಂಸ 1993ರಲ್ಲಿ ಹಾರಿತು, ಹಂಸ-3 ಮಾದರಿಗೆ 2000ದಲ್ಲಿ ಪ್ರಮಾಣಪತ್ರ ಸಿಕ್ಕಿತು. ಅದರ ಹೊಸ ತಲೆಮಾರಿನ ಹಂಸ-ಎನ್‌ಜಿ 2021ರ ಸೆಪ್ಟೆಂಬರ್ 3ರಂದು ಇದೇ ಊರಿನ ಆಕಾಶಕ್ಕೇರಿತು.

ಬೆಂಗಳೂರಿನ ಜಕ್ಕೂರು ವಾಯುನೆಲೆಯನ್ನೂ ಮರೆಯುವಂತಿಲ್ಲ. 1948ರಲ್ಲಿ ಅಲ್ಲಿ ಸ್ಥಾಪನೆಯಾದ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯಲ್ಲಿ ಕಲಿತು 1949ರಲ್ಲಿ ಹೊರಬಂದ ಉಷಾ ಸುಂದರಂ, ಪತಿ ಕ್ಯಾಪ್ಟನ್ ವಿ. ಸುಂದರಂ ಜೊತೆ 1951ರಲ್ಲಿ ಡಿ ಹ್ಯಾವಿಲೆಂಡ್ ಡವ್ ವಿಮಾನವನ್ನು ಲಂಡನ್ನಿನಿಂದ ಮುಂಬಯಿಗೆ 27 ಗಂಟೆಗಳಲ್ಲಿ ತಂದರು. ಪಿಸ್ಟನ್ ಎಂಜಿನ್ನಿನ ವಿಮಾನಕ್ಕೆ ಅದು ದಾಖಲೆಯ ಹಾರಾಟ. ದಾರಿಯುದ್ದಕ್ಕೂ ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟು ಹಾರಿದ ಪೀಳಿಗೆ ಅದು.

ಚಿಕ್ಕಲಸಂದ್ರದ ಒಂದು ಮೇಜು

ನಾನಿರುವ ಚಿಕ್ಕಲಸಂದ್ರ ಬೆಂಗಳೂರಿನ ದಕ್ಷಿಣದ ತುದಿ. ಜಕ್ಕೂರು ಉತ್ತರದ ತುದಿ. ಬನಶಂಕರಿ, ಜಯನಗರ, ಮೇಖ್ರಿ ವೃತ್ತ, ಹೆಬ್ಬಾಳ ಎಂದು ಊರನ್ನೆಲ್ಲ ಸೀಳಿಕೊಂಡು ಹೋದರೆ ಮಾತ್ರ ರನ್‌ವೇ ಕಾಣುವುದು. ಅಷ್ಟು ದೂರವಿದ್ದರೂ ಈ ಕಡೆಯ ಬಡಾವಣೆಗಳಲ್ಲಿ ವಿಮಾನ ತಿಳಿದವರಿಗೆ ಕೊರತೆಯಿಲ್ಲ. ಉತ್ತರಹಳ್ಳಿ, ಪದ್ಮನಾಭನಗರ, ಇಟ್ಟಮಡುವಿನ ಬೀದಿಗಳಲ್ಲಿ ಕಾರ್ಖಾನೆಗಳ ಪಾಳಿ ಮುಗಿಸಿ ನಿವೃತ್ತರಾಗಿ ಮನೆ ಕಟ್ಟಿಕೊಂಡವರು ಇದ್ದಾರೆ. ನಮ್ಮ ಬೀದಿಯಲ್ಲೂ ಅಂಥ ಹಿರಿಯರೊಬ್ಬರಿದ್ದಾರೆ. ವಿಮಾನ ಕಾರ್ಖಾನೆಯಲ್ಲಿ ಎಂಜಿನ್ ಕೆಲಸ ಮಾಡಿದವರು. ಅವರ ಮೊಮ್ಮಗಳು ಖಾಸಗಿ ಪೈಲಟ್ ಪರವಾನಗಿ ಪಡೆದಿದ್ದಾಳೆ. ಗೆಳತಿಯರ ಜೊತೆ ಸೆಸ್ನಾ 172ರಲ್ಲಿ ಉತ್ತರ ಕರ್ನಾಟಕದ ಕಡೆ ಹೋಗುವ ಯೋಜನೆ ಹಾಕಿಕೊಂಡಾಗ, ಚೀಲ ಕಟ್ಟುವ ಕೆಲಸ ತಾತನ ಮೇಜಿನ ಮೇಲೆ ನಡೆಯಿತು. ನನ್ನನ್ನೂ ಕರೆದಿದ್ದರು.

ಅವಳು ಎಸ್.ಪಿ. ರಸ್ತೆಯಿಂದ ದೊಡ್ಡ ಸ್ಪ್ಯಾನರ್ ಸೆಟ್ಟನ್ನೇ ತಂದಿದ್ದಳು. ಸುತ್ತಿಗೆ, ಅರ, ಪೈಪ್ ರೆಂಚು ಎಲ್ಲವೂ ಇತ್ತು. ತಾತ ಒಂದೊಂದನ್ನೇ ತೆಗೆದು ಪಕ್ಕಕ್ಕಿಟ್ಟರು.

"ಸುತ್ತಿಗೆ ಬೇಡ್ವಾ ತಾತ?"

"ಸುತ್ತಿಗೇಲಿ ಸರಿಹೋಗೋ ಕೆಲ್ಸ ಏನಾದ್ರೂ ಬಂದ್ರೆ ಅದು ನಿನ್ನ ಕೆಲ್ಸ ಅಲ್ಲ ಕಣಮ್ಮ. ಎಂಜಿನಿಯರನ್ನ ಕರಿ. ಮೊದ್ಲು ಹೇಳು, ನಿನ್ನ ವಿಮಾನದಲ್ಲಿ ಏನೇನು ಕೆಡುತ್ತೆ?"

ಚೀಲ ಕಟ್ಟುವ ಕೆಲಸ ಶುರುವಾಗಬೇಕಾದ್ದು ಈ ಪ್ರಶ್ನೆಯಿಂದಲೇ. ಅಂಗಡಿಯಲ್ಲಿ ಏನು ಸಿಗುತ್ತದೆ ಎಂಬ ಪಟ್ಟಿಯಿಂದಲ್ಲ, ವಿಮಾನದ ಲಾಗ್ ಪುಸ್ತಕದಿಂದ. ಕಳೆದ ವರ್ಷಗಳಲ್ಲಿ ಯಾವ ದೋಷಗಳು ದಾಖಲಾಗಿವೆ ಎಂದು ಓದಿದರೆ ಅರ್ಧ ಉತ್ತರ ಸಿಗುತ್ತದೆ. ಸಾಮಾನ್ಯವಾಗಿ ಕಾಣುವವು ಇವು: ಮಸಿ ಹಿಡಿದ ಪ್ಲಗ್ಗು, ಗಾಳಿ ಇಳಿದ ಚಕ್ರ, ಸತ್ತ ಬ್ಯಾಟರಿ, ಕಂಪನಕ್ಕೆ ಸಡಿಲವಾಗಿ ಬಿದ್ದ ಮುಚ್ಚಳದ ಸ್ಕ್ರೂ, ಕಡಿಮೆಯಾದ ಎಣ್ಣೆ. ಚೀಲ ಇವಕ್ಕೆ ತಕ್ಕಂತಿರಬೇಕು.

ಎರಡನೆಯದು ಅಳತೆ. ಅಮೆರಿಕದ ಸೆಸ್ನಾ, ಪೈಪರ್ ವಿಮಾನಗಳ ನಟ್ಟು ಬೋಲ್ಟು ಅಂಗುಲದ ಲೆಕ್ಕದವು. ಹಂಸದಲ್ಲಿರುವ ಆಸ್ಟ್ರಿಯಾದ ರೋಟ್ಯಾಕ್ಸ್ ಎಂಜಿನ್ ಮಿಲಿಮೀಟರಿನ ಲೆಕ್ಕದ್ದು. ಅಂಗುಲದ ನಟ್ಟಿಗೆ ಹತ್ತಿರದ ಮಿಲಿಮೀಟರ್ ಸ್ಪ್ಯಾನರ್ ಹಾಕಿದರೆ ಮೂಲೆಗಳು ಸವೆದು, ಬಿಚ್ಚಲೂ ಬಾರದ ಬಿಗಿಯಲೂ ಬಾರದ ಸ್ಥಿತಿಯಾಗುತ್ತದೆ. ಸೆಟ್ಟಿನಲ್ಲಿ ಇಪ್ಪತ್ತು ಸ್ಪ್ಯಾನರ್ ಇದ್ದರೂ ನಮ್ಮ ವಿಮಾನಕ್ಕೆ ಹೊರಗಡೆ ಬೇಕಾಗುವವು ಐದಾರು. ಅವನ್ನು ಹ್ಯಾಂಗರಿನಲ್ಲಿ ಒಂದೊಂದು ನಟ್ಟಿಗೂ ಕೂರಿಸಿ ನೋಡಿಯೇ ಆರಿಸಬೇಕು.

ಮಸಿ ಹಿಡಿದ ಪ್ಲಗ್ಗು

ಪ್ಲಗ್ಗಿನ ಸಂಗತಿಯನ್ನು ಸ್ವಲ್ಪ ವಿವರವಾಗಿ ನೋಡೋಣ, ಏಕೆಂದರೆ ಅಬೂಕೀರಿನಲ್ಲಿ ಆದದ್ದು ಇವತ್ತಿಗೂ ಆಗುತ್ತದೆ. ಸೆಸ್ನಾ 172ರ ಎಂಜಿನ್ನಿಗೆ ನಾಲ್ಕು ಸಿಲಿಂಡರು. ಪ್ರತಿಯೊಂದಕ್ಕೂ ಎರಡು ಪ್ಲಗ್ಗು, ಒಟ್ಟು ಎಂಟು. ಎರಡು ಮ್ಯಾಗ್ನೆಟೋಗಳು ನಾಲ್ಕು ನಾಲ್ಕಕ್ಕೆ ಕಿಡಿ ಕೊಡುತ್ತವೆ. ಒಂದು ಕೈಕೊಟ್ಟರೂ ಎಂಜಿನ್ ನಡೆಯಲಿ ಎಂದು ಈ ಏರ್ಪಾಡು. ಇಂಧನ 100 ಎಲ್‌ಎಲ್ ಎಂಬ ಏವಿಯೇಷನ್ ಗ್ಯಾಸೊಲೀನ್. ಹೆಸರಿಗೆ 'ಕಡಿಮೆ ಸೀಸ' ಎಂದಿದ್ದರೂ ಲೀಟರಿಗೆ 0.56 ಗ್ರಾಂವರೆಗೆ ಸೀಸ ಇರಬಹುದು. ವಿಮಾನ ನೆಲದ ಮೇಲೆ ನಿಧಾನ ವೇಗದಲ್ಲಿ ಬಹಳ ಹೊತ್ತು ಓಡಿದರೆ ಪ್ಲಗ್ಗಿನ ತುದಿ ತಣ್ಣಗಿದ್ದು, ಸೀಸದ ಸಣ್ಣ ಕಾಳುಗಳು ಅಲ್ಲಿ ಕಟ್ಟಿಕೊಳ್ಳುತ್ತವೆ. ಕೆಳಗಿನ ಪ್ಲಗ್ಗುಗಳಿಗೆ ಎಣ್ಣೆಯೂ ಇಳಿಯುತ್ತದೆ. ಬೆಂಗಳೂರಿನಂಥ ಎತ್ತರದ ಊರಿನಲ್ಲಿ ಗಾಳಿ ತೆಳು. ಇಂಧನದ ಮಿಶ್ರಣವನ್ನು ತೆಳುವಾಗಿಸದೆ ಪೂರ್ತಿ ತೆರೆದಿಟ್ಟರೆ ಮಸಿ ಇನ್ನೂ ಬೇಗ ಕಟ್ಟುತ್ತದೆ.

ಹಾರುವ ಮುನ್ನ ಮ್ಯಾಗ್ನೆಟೋ ಪರೀಕ್ಷೆಯಲ್ಲಿ ಇದು ಗೊತ್ತಾಗುತ್ತದೆ. ಒಂದೊಂದೇ ಮ್ಯಾಗ್ನೆಟೋದ ಮೇಲೆ ನಡೆಸಿದಾಗ ಎಂಜಿನ್ ಸುತ್ತು ಸ್ವಲ್ಪ ಇಳಿಯುವುದು ಸಹಜ. ಮಾದರಿಗೆ ತಕ್ಕಂತೆ 125ರಿಂದ 150 ಸುತ್ತಿನವರೆಗೆ ಇಳಿಯಬಹುದು, ಎರಡರ ನಡುವೆ 50ಕ್ಕಿಂತ ಹೆಚ್ಚು ಅಂತರ ಇರಬಾರದು ಎಂದು ಸೆಸ್ನಾ ಕೈಪಿಡಿ ಹೇಳುತ್ತದೆ. ಅದಕ್ಕಿಂತ ಹೆಚ್ಚು ಇಳಿದು ಎಂಜಿನ್ ನಡುಗಿದರೆ, ಮೊದಲ ಔಷಧಿಗೆ ಸ್ಪ್ಯಾನರೇ ಬೇಡ. ಮಿಶ್ರಣ ತೆಳು ಮಾಡಿ ಎಂಜಿನನ್ನು ಸ್ವಲ್ಪ ಹೊತ್ತು ಹೆಚ್ಚು ಸುತ್ತಿನಲ್ಲಿ ನಡೆಸಿದರೆ ಮಸಿ ಬಹಳ ಸಲ ಸುಟ್ಟುಹೋಗುತ್ತದೆ. ಹೋಗದಿದ್ದರೆ ಮಾತ್ರ ಚೀಲ ಬಿಚ್ಚಬೇಕು.

ಯಾವ ಪ್ಲಗ್ಗು ಕೆಟ್ಟಿದೆ ಎಂದು ಹುಡುಕುವುದಕ್ಕೂ ಕ್ರಮವಿದೆ. ತಣ್ಣಗಿರುವ ಎಂಜಿನನ್ನು ಕೆಟ್ಟ ಮ್ಯಾಗ್ನೆಟೋದ ಮೇಲಷ್ಟೇ ಸ್ವಲ್ಪ ಹೊತ್ತು ನಡೆಸಿ ನಿಲ್ಲಿಸಿದರೆ, ಕಿಡಿ ಬಾರದ ಸಿಲಿಂಡರಿನ ಹೊಗೆಕೊಳವೆ ಉಳಿದವಕ್ಕಿಂತ ತಣ್ಣಗಿರುತ್ತದೆ. ಅಲ್ಲಿದೆ ರೋಗ. ಕೀಲಿ ತೆಗೆದು ಕಿಸೆಗೆ ಹಾಕಿಕೊಂಡ ಮೇಲೂ ಪ್ರೊಪೆಲರಿಗೆ ಜೀವವಿದೆ ಎಂದೇ ತಿಳಿಯಬೇಕು. ಮ್ಯಾಗ್ನೆಟೋದ ಭೂಸಂಪರ್ಕದ ತಂತಿ ಕಿತ್ತುಹೋಗಿದ್ದರೆ ಸ್ವಿಚ್ ಆರಿಸಿದ್ದರೂ ಕಿಡಿ ಬರುತ್ತದೆ. ಪ್ರೊಪೆಲರಿನ ರೆಕ್ಕೆಯನ್ನು ಕೈಯಿಂದ ಅಲುಗಿಸಿದರೆ ಎಂಜಿನ್ ಒಮ್ಮೆಲೆ ತಿರುಗಬಹುದು. ಬ್ಯಾಟರಿ ಸತ್ತಾಗ ಪ್ರೊಪೆಲರನ್ನು ಕೈಯಿಂದ ಸುತ್ತಿ ಚಾಲೂ ಮಾಡುವ ಸಾಹಸಕ್ಕೆ ಒಬ್ಬರೇ ಇಳಿಯಲೇಬಾರದು. ಚೀಲದಲ್ಲಿ ಎಂಥ ಸಲಕರಣೆಯಿದ್ದರೂ ಇದಕ್ಕೆ ಪರಿಹಾರವಿಲ್ಲ.

ಪ್ಲಗ್ಗಿನ ಕೆಲಸಕ್ಕೆ ಬೇಕಾದ್ದು ಇಷ್ಟು: 7/8 ಅಂಗುಲದ ಆಳವಾದ ಆರುಮೂಲೆಯ ಸಾಕೆಟ್ಟು, ಅದರ ಹಿಡಿ, ಟಾರ್ಕ್ ರೆಂಚು, ಪ್ಲಗ್ಗಿನ ತಂತಿಯ ನಟ್ಟಿಗೆ ಸರಿಹೊಂದುವ ಸ್ಪ್ಯಾನರು, ಸೀಸದ ಕಾಳು ಕೆದಕಲು ಚೂಪಾದ ಕಡ್ಡಿ, ಅಂತರ ಅಳೆಯುವ ಗೇಜು, ಹೊಸ ತಾಮ್ರದ ವಾಷರುಗಳು, ಎರಡು ಹೊಸ ಪ್ಲಗ್ಗು. ತಾಮ್ರದ ವಾಷರನ್ನು ಪ್ರತಿ ಸಲ ಬದಲಿಸಬೇಕು, ಒಮ್ಮೆ ಒತ್ತಿದ ತಾಮ್ರ ಮತ್ತೆ ಸರಿಯಾಗಿ ಕೂರುವುದಿಲ್ಲ. ನೆಲಕ್ಕೆ ಬಿದ್ದ ಪ್ಲಗ್ಗನ್ನು, ಹೊಸದಾದರೂ ಸರಿ, ಎಸೆಯಬೇಕು. ಒಳಗಿನ ಪಿಂಗಾಣಿ ಬಿರುಕು ಬಿಟ್ಟಿರುವುದು ಕಣ್ಣಿಗೆ ಕಾಣದು. ಬಿಗಿಯುವಾಗ ತೋಳಬಲದ ಅಂದಾಜು ಸಲ್ಲದು. ಇಂಥ ವಿಮಾನಗಳ ಲೈಕಮಿಂಗ್ ಎಂಜಿನ್ನಿಗೆ ಸಾಮಾನ್ಯವಾಗಿ 30ರಿಂದ 35 ಅಡಿ-ಪೌಂಡು ಬಲ. ಅದನ್ನು ಟಾರ್ಕ್ ರೆಂಚೇ ಹೇಳಬೇಕು.

ಮೇಜಿನ ಮೇಲೆ ತಾತ ಒಂದು ಹಳೆಯ ಪ್ಲಗ್ಗು ಹಿಡಿದು ಮೊಮ್ಮಗಳ ಕೈಗೆ ಭೂತಗನ್ನಡಿ ಕೊಟ್ಟರು. ತುದಿಯ ಬಿಳಿ ಪಿಂಗಾಣಿಯ ಸುತ್ತ ಬೂದುಬಣ್ಣದ ಸಾಸಿವೆ ಗಾತ್ರದ ಎರಡು ಕಾಳು ಅಂಟಿಕೊಂಡಿದ್ದವು. ಅವಳು ಕಡ್ಡಿಯಿಂದ ಮೆಲ್ಲಗೆ ಮೀಟಿದಳು. ಒಂದು ಕಾಳು ಟಪ್ಪೆಂದು ಹಾರಿ ಮೇಜಿನ ಮೇಲಿನ ಪೇಪರಿಗೆ ಬಿತ್ತು. "ಇಷ್ಟಕ್ಕೇ ನಿಂತ್ಹೋಗುತ್ತಾ ತಾತ?" ಎಂದಳು. "ಇಷ್ಟಕ್ಕೇ" ಎಂದರು ಅವರು. ಆ ಕಾಳಿನಲ್ಲಿ ಸೀಸವಿದೆ. ಕೆಲಸ ಮುಗಿದ ಮೇಲೆ ಕೈತೊಳೆಯದೆ ತಿಂಡಿ ಮುಟ್ಟಬಾರದು. ಚೀಲದಲ್ಲಿ ಕೈಗವಸು ಇರಲೇಬೇಕಾದ್ದು ಇದಕ್ಕಾಗಿಯೇ.

ತಂತಿ, ಚಕ್ರ, ಹಗ್ಗ

ವಿಮಾನದ ಮುಖ್ಯ ಬೋಲ್ಟುಗಳು ಬಿಗಿತದ ಮೇಲಷ್ಟೇ ನಂಬಿಕೆಯಿಟ್ಟು ಕೂರುವುದಿಲ್ಲ. ಬೋಲ್ಟಿನ ತಲೆಯ ತೂತಿನೊಳಗೆ ಉಕ್ಕಿನ ತೆಳು ತಂತಿ ಪೋಣಿಸಿ, ತಿರುಚಿ, ಪಕ್ಕದ ಬೋಲ್ಟಿಗೆ ಕಟ್ಟಿರುತ್ತಾರೆ. ಬೋಲ್ಟು ಸಡಿಲವಾಗಲು ಹೊರಟರೆ ತಂತಿ ಅದನ್ನು ಬಿಗಿಯುವ ಕಡೆಗೇ ಎಳೆಯಬೇಕು. ಕಟ್ಟುವ ದಿಕ್ಕು ತಪ್ಪಿದರೆ ತಂತಿ ಇದ್ದೂ ಇಲ್ಲದಂತೆ. ಹೆಚ್ಚಾಗಿ ಬಳಸುವುದು 0.032 ಅಂಗುಲದ ತಂತಿ, ಅಂಗುಲಕ್ಕೆ ಆರರಿಂದ ಎಂಟು ತಿರುವು. ಅದಕ್ಕಾಗಿಯೇ ತಿರುಚುವ ಇಕ್ಕಳ ಬರುತ್ತದೆ. ಚೀಲದಲ್ಲಿ ಸಣ್ಣ ಸುರುಳಿ ತಂತಿ, ಆ ಇಕ್ಕಳ, ತುದಿ ಕತ್ತರಿಸುವ ಕಟಿಂಗ್ ಪ್ಲೇಯರ್ ಇದ್ದರೆ, ಕರೆದಾಗ ಬಂದ ಎಂಜಿನಿಯರಿಗೆ ಅರ್ಧ ದಿನ ಉಳಿಯುತ್ತದೆ.

ಸ್ಕ್ರೂಡ್ರೈವರುಗಳಲ್ಲಿ ಎರಡನೇ ನಂಬರಿನ ಪ್ಲಸ್ ತುದಿಯದು ಅತಿ ಹೆಚ್ಚು ಕೆಲಸಕ್ಕೆ ಬರುತ್ತದೆ. ಅಗಲವಾದ ಮೈನಸ್ ತುದಿಯದು ಎಂಜಿನ್ ಮುಚ್ಚಳದ ಕಾಲುತಿರುವಿನ ಕೊಂಡಿಗಳಿಗೆ ಬೇಕು. ಮುಚ್ಚಳದ ಸ್ಕ್ರೂಗಳ ಸಣ್ಣ ಡಬ್ಬಿಯನ್ನು ಹ್ಯಾಂಗರಿನ ಮೆಕ್ಯಾನಿಕ್ ಕೈಯಲ್ಲೇ ಆರಿಸಿಕೊಳ್ಳಬೇಕು. ಒಂದು ನೂಲು ಉದ್ದವಾದ ಸ್ಕ್ರೂ ಒಳಗಿನ ಟ್ಯಾಂಕನ್ನೋ ತಂತಿಯನ್ನೋ ಕೊರೆಯಬಹುದು.

ಚಕ್ರಕ್ಕೆ ಒತ್ತಡದ ಗೇಜು, ವಾಲ್ವ್ ಬಿಚ್ಚುವ ಕೀಲಿ, ಒಂದು ಕೈಪಂಪು ಸಾಕು. ಟ್ಯೂಬು ಬದಲಿಸುವ ಕೆಲಸ ಪೈಲಟಿನದಲ್ಲ. ವಿಮಾನದ ಚಕ್ರದ ಲೋಹದ ಗುಂಬ ಎರಡು ಹೋಳಾಗಿದ್ದು, ಬೋಲ್ಟುಗಳಿಂದ ಜೋಡಿಸಿರುತ್ತದೆ. ಗಾಳಿ ಪೂರ್ತಿ ಬಿಡದೆ ಬೋಲ್ಟು ಸಡಿಲಿಸಿದರೆ ಹೋಳುಗಳು ಸಿಡಿದು ಜೀವ ತೆಗೆಯಬಲ್ಲವು. ಎಣ್ಣೆಯನ್ನು ವಿಮಾನಕ್ಕೆ ಹೇಳಿದ ದರ್ಜೆಯದನ್ನೇ ಒಂದೆರಡು ಬಾಟಲಿ ಒಯ್ಯಬೇಕು. ಕಾರಿನ ಎಣ್ಣೆಯನ್ನು ಸುರಿಯುವುದು ಎಂಜಿನ್ನಿಗೆ ಮಾಡುವ ದ್ರೋಹ. ಜೊತೆಗೆ ಒಂದು ಆಲಿಕೆ, ಇಂಧನದಲ್ಲಿ ನೀರಿದೆಯೇ ಎಂದು ನೋಡುವ ಪಾರದರ್ಶಕ ಬಟ್ಟಲು, ಹಳೆ ಹತ್ತಿಬಟ್ಟೆ, ಬ್ಯಾಟರಿಯ ಶಕ್ತಿ ನೋಡಲು ಸಣ್ಣ ಮಲ್ಟಿಮೀಟರು, ಹಣೆಗೆ ಕಟ್ಟುವ ಟಾರ್ಚು.

ಕರ್ನಾಟಕದ ಮಟ್ಟಿಗೆ ನಾನು ತೀರಾ ಮುಖ್ಯವೆಂದು ಹೇಳುವುದು ಹಗ್ಗವನ್ನು. ಏಪ್ರಿಲ್, ಮೇ ತಿಂಗಳ ಸಂಜೆ ಮಾವಿನ ಮಳೆಗೆ ಮುಂಚೆ ಬರುವ ಗಾಳಿ ಬೆಂಗಳೂರಿನವರಿಗೆ ಗೊತ್ತು; ಮರ ಉರುಳಿಸುವ ಗಾಳಿಗೆ ಒಂದು ಟನ್ನಿನ ವಿಮಾನ ಏನೂ ಅಲ್ಲ. ರೆಕ್ಕೆ, ಬಾಲ, ಮೂತಿಗಳಲ್ಲಿ ಕಟ್ಟಲು 700 ಪೌಂಡು ಎಳೆತ ತಾಳುವ ಹಗ್ಗ ಬೇಕೆಂದು ಸೆಸ್ನಾ ಕೈಪಿಡಿ ಸೂಚಿಸುತ್ತದೆ. ಅಂದರೆ ಮುನ್ನೂರು ಕಿಲೋಗೂ ಮೀರಿದ ಬಲ. ಬಟ್ಟೆ ಒಣಗಿಸುವ ಹಗ್ಗ ಇದಕ್ಕಾಗದು. ನೆಲದಲ್ಲಿ ಕೊಕ್ಕೆಯಿಲ್ಲದ ಏರ್‌ಸ್ಟ್ರಿಪ್ಪಿಗೆ ತಿರುಪಿನ ಗೂಟಗಳು, ಚಕ್ರಕ್ಕೆ ಅಡ್ಡ ಇಡುವ ಮರದ ತುಂಡುಗಳು ಬೇಕು. ವೇಗ ಅಳೆಯುವ ಪಿಟೊ ಕೊಳವೆಗೆ ಕೆಂಪು ಪಟ್ಟಿಯ ಮುಸುಕನ್ನೂ ಮರೆಯಬಾರದು. 1996ರ ಫೆಬ್ರುವರಿಯಲ್ಲಿ ಡೊಮಿನಿಕನ್ ಗಣರಾಜ್ಯದ ಬಳಿ ಬಿರ್ಗೆನ್‌ಏರ್ ಸಂಸ್ಥೆಯ ಬೋಯಿಂಗ್ ಬಿದ್ದು 189 ಜನ ಸತ್ತರು. ಮುಸುಕಿಲ್ಲದೆ ನಿಂತಿದ್ದಾಗ ಆ ಕೊಳವೆಯಲ್ಲಿ ಕಣಜ ಗೂಡು ಕಟ್ಟಿರಬೇಕು ಎಂಬುದು ತನಿಖೆಯ ಶಂಕೆ. ನಮ್ಮ ಕಿಟಕಿಯ ಸಂದಿನಲ್ಲಿ ಮಣ್ಣಿನ ಗೂಡು ಕಟ್ಟುವ ಕಣಜಕ್ಕೆ ವಿಮಾನದ ಕೊಳವೆಯೂ ಒಂದು ಸಂದಿಯೇ.

ತೂಗಿ, ಎಣಿಸಿ

ಇಷ್ಟೆಲ್ಲ ಹೇಳಿದ ಮೇಲೆ ಚೀಲ ಭಾರವಾಗುವುದಿಲ್ಲವೇ? ಆಗುತ್ತದೆ. ಅದಕ್ಕೇ ತಕ್ಕಡಿ ಬೇಕು. ಸೆಸ್ನಾ 172ರ ಹಿಂಬದಿಯ ಸಾಮಾನಿನ ಜಾಗ 120 ಪೌಂಡು, ಸುಮಾರು 54 ಕಿಲೋ ಹೊರಬಲ್ಲದು. ಅದರಲ್ಲಿ ಪ್ರಯಾಣಿಕರ ಬಟ್ಟೆಬರೆಗಳೂ ಸೇರಿವೆ. ಇಡೀ ವಿಮಾನದ ಗರಿಷ್ಠ ತೂಕದ ಲೆಕ್ಕ ಬೇರೆಯೇ ಇದೆ. ನಾಲ್ವರು ಕೂತು ಟ್ಯಾಂಕ್ ತುಂಬಿಸಿದರೆ ಚೀಲಕ್ಕಿರಲಿ, ಊಟದ ಬುತ್ತಿಗೂ ಜಾಗ ಉಳಿಯದ ಸಂದರ್ಭಗಳಿವೆ. ಭಾರ ಹಿಂದಕ್ಕೆ ಹೋದಷ್ಟು ವಿಮಾನದ ಗುರುತ್ವ ಕೇಂದ್ರ ಹಿಂದೆ ಸರಿದು, ಮೂತಿ ಮೇಲೇಳುವ ಪ್ರವೃತ್ತಿ ಹೆಚ್ಚುತ್ತದೆ.

ಬೆಂಗಳೂರಿನಲ್ಲಿ ಭಾರ ಇಳಿಸಲು ಇನ್ನೊಂದು ಕಾರಣವೂ ಸೇರುತ್ತದೆ. ಜಕ್ಕೂರು ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿದೆ. 35 ಡಿಗ್ರಿ ಬಿಸಿಲಿನ ಮಧ್ಯಾಹ್ನ ಅಲ್ಲಿನ ಗಾಳಿಯಲ್ಲಿ ರೆಕ್ಕೆಗೂ ಎಂಜಿನ್ನಿಗೂ 6,000 ಅಡಿ ಎತ್ತರದಲ್ಲಿದ್ದಂತೆ ಅನುಭವ. ರನ್‌ವೇ ಹೆಚ್ಚು ಬೇಕು, ಏರುವುದು ನಿಧಾನ. ಅಂಥಲ್ಲಿ ಬೇಡದ ಪ್ರತಿಯೊಂದು ಕಿಲೋ ಅಪಾಯಕ್ಕೆ ಕೊಟ್ಟ ಜಾಗ. ನನ್ನ ಮತದಲ್ಲಿ ಹಗ್ಗ, ಎಣ್ಣೆ ಬಿಟ್ಟು ಚೀಲ ಆರು ಕಿಲೋ ಮೀರಬಾರದು. ಕಬ್ಬಿಣದ ಪೆಟ್ಟಿಗೆ ಬೇಡ. ಗಟ್ಟಿ ಕ್ಯಾನ್‌ವಾಸಿನ ಸುತ್ತುಚೀಲವೇ ಮೇಲು. ಅದನ್ನು ಬಲೆಯಿಂದ ಬಿಗಿದು ಕಟ್ಟಬೇಕು. ಗಾಳಿಯ ಹೊಡೆತಕ್ಕೆ ಹಾರಿದ ಒಂದು ಸ್ಪ್ಯಾನರು ಪೈಲಟಿನ ತಲೆಗೆ ಬಡಿದರೆ ಸಾಕು.

ಎಣಿಕೆ ತೂಕಕ್ಕಿಂತ ಹೆಚ್ಚಿನದು. ವಿಮಾನ ಕಾರ್ಖಾನೆಗಳಲ್ಲಿ ಪ್ರತಿ ಸಲಕರಣೆಗೂ ಅದರದೇ ಆಕಾರದ ಗುಂಡಿ ಕೊರೆದ ಫೋಮ್ ಹಾಳೆ ಇರುತ್ತದೆ. ಪಾಳಿಯ ಕೊನೆಯಲ್ಲಿ ಒಂದು ಗುಂಡಿ ಖಾಲಿಯಿದ್ದರೂ ಆ ವಿಮಾನ ಹೊರಡುವಂತಿಲ್ಲ. ಎಂಜಿನ್ ಮುಚ್ಚಳದೊಳಗೆ ಮರೆತ ಇಕ್ಕಳ ನಿಯಂತ್ರಣದ ತಂತಿಗೆ ಅಡ್ಡ ಬರಬಲ್ಲದು. ರನ್‌ವೇ ಮೇಲೆ ಬಿದ್ದದ್ದು ಬೇರೊಬ್ಬರ ಪ್ರಾಣಕ್ಕೂ ಕುತ್ತು. 2000ದ ಜುಲೈ 25ರಂದು ಪ್ಯಾರಿಸಿನಲ್ಲಿ ಕಾಂಕಾರ್ಡ್ ಉರಿದು ಬಿದ್ದು 113 ಜನ ಸತ್ತದ್ದು ಇನ್ನೊಂದು ವಿಮಾನದಿಂದ ಉದುರಿದ ಅರ್ಧ ಮೀಟರೂ ಇಲ್ಲದ ಲೋಹದ ಪಟ್ಟಿಯೊಂದು ಅದರ ಚಕ್ರವನ್ನು ಸೀಳಿದ್ದರಿಂದ. ನಮ್ಮ ಹಿರಿಯರು ಮೊಮ್ಮಗಳ ಚೀಲದ ಒಳಮುಚ್ಚಳಕ್ಕೆ ಪಟ್ಟಿ ಅಂಟಿಸಿದರು. ಪ್ರತಿ ವಸ್ತುವಿನ ಮುಂದೆ ಎರಡು ಕಾಲಂ: ತೆಗೆದದ್ದು, ಇಟ್ಟದ್ದು. ಪ್ರತಿ ಸ್ಪ್ಯಾನರಿಗೂ ಕೆಂಪು ಬಣ್ಣದ ಗುರುತು ಬಳಿದರು, ಹುಲ್ಲಿನ ಮೇಲೆ ಬಿದ್ದರೂ ಕಾಣಲಿ ಎಂದು. "ಆಯುಧಪೂಜೆ ದಿನ ಎಲ್ಲಾ ಹೊರಗೆ ತೆಗಿ. ಒರೆಸು, ಎಣ್ಣೆ ಸವರು, ಎಣಿಸು. ಕುಂಕುಮ ಆಮೇಲೆ ಇಡು" ಎಂದರು. ವರ್ಷಕ್ಕೊಮ್ಮೆ ಸಲಕರಣೆಗಳ ಲೆಕ್ಕ ತೆಗೆಯಲು ನಮ್ಮ ಪಂಚಾಂಗ ತಾನಾಗಿಯೇ ಒಂದು ದಿನ ಕೊಟ್ಟಿದೆ.

ಚೀಲದ ಹಕ್ಕು, ಚೀಲದ ಮಿತಿ

ಭಾರತದಲ್ಲಿ ವಿಮಾನ ರಿಪೇರಿ ಮಾಡಿ ಹಾರಾಟಕ್ಕೆ ಯೋಗ್ಯವೆಂದು ಸಹಿ ಹಾಕುವ ಅಧಿಕಾರ ಪರವಾನಗಿ ಇರುವ ನಿರ್ವಹಣಾ ಎಂಜಿನಿಯರಿಗೆ ಸೇರಿದ್ದು. ಅಮೆರಿಕದಲ್ಲಿ ಪೈಲಟ್ ತಾನೇ ಮಾಡಬಹುದಾದ ಸಣ್ಣ ಕೆಲಸಗಳ ಪಟ್ಟಿ ನಿಯಮದಲ್ಲೇ ಇದೆ, ಪ್ಲಗ್ಗು ಶುಚಿಮಾಡುವುದೂ ಅದರಲ್ಲಿ ಸೇರಿದೆ. ಅದನ್ನು ಓದಿ ಇಲ್ಲಿ ಸ್ಪ್ಯಾನರ್ ಹಿಡಿಯುವುದು ತಪ್ಪು. ಹಾಗಾದರೆ ನಮಗೆ ಚೀಲ ಏಕೆ? ಬೆಂಗಳೂರಿನಿಂದ ಎಂಜಿನಿಯರ್ ರಾತ್ರಿ ಬಸ್ಸಿನಲ್ಲೋ ಕಾರಿನಲ್ಲೋ ಓಡಿಬಂದಾಗ ಆ ವಿಮಾನಕ್ಕೆ ಸರಿಹೊಂದುವ ಸಾಕೆಟ್ಟು, ವಾಷರು, ಪ್ಲಗ್ಗು ಅಲ್ಲೇ ಇರಲಿ ಎಂಬುದಕ್ಕೆ. ಫೋನಿನಲ್ಲಿ ಅವರು ಕೇಳಿದಾಗ ರೋಗಲಕ್ಷಣವನ್ನು ಅಳೆದು, ನೋಡಿ, ಸರಿಯಾಗಿ ಹೇಳಲಿ ಎಂಬುದಕ್ಕೆ. ಅದರಿಂದ ಚೀಲದಲ್ಲಿ ಕಾಗದವೂ ಇರಬೇಕು: ಕೈಪಿಡಿಯ ಸಂಬಂಧಪಟ್ಟ ಪುಟಗಳು, ಎಂಜಿನಿಯರ್ ನಂಬರು, ಹೆಚ್ಚುವರಿ ಭಾಗಗಳ ಜೊತೆ ಬರುವ ಬಿಡುಗಡೆ ಪ್ರಮಾಣಪತ್ರ. ಆ ಪತ್ರವಿಲ್ಲದ ಪ್ಲಗ್ಗು ಎಷ್ಟು ಹೊಸದಾದರೂ ವಿಮಾನಕ್ಕೆ ಹಾಕುವಂತಿಲ್ಲ.

ಎಂಜಿನಿಯರ್ ದೊಡ್ಡ ವಿಮಾನದಲ್ಲಿ ಬರುವುದಾದರೆ ಸಲಕರಣೆಗಳನ್ನು ಕೈಚೀಲದಲ್ಲಿ ಒಯ್ಯಲು ಭದ್ರತಾ ಸಿಬ್ಬಂದಿ ಬಿಡರು, ಅವು ಕೆಳಗಿನ ಸಾಮಾನಿಗೇ ಹೋಗಬೇಕು. ಬಿಡಿ ಲಿಥಿಯಂ ಬ್ಯಾಟರಿ, ಪವರ್ ಬ್ಯಾಂಕುಗಳು ಮಾತ್ರ ತದ್ವಿರುದ್ಧ. 100 ವ್ಯಾಟ್-ಅವರ್‌ವರೆಗಿನವು ಕೈಚೀಲದಲ್ಲೇ ಇರಬೇಕು, 160ರವರೆಗಿನವಕ್ಕೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು, ಅದಕ್ಕೂ ಮೀರಿದವು ನಿಷಿದ್ಧ.

ಸಲಕರಣೆ ಸೋತಾಗ ಸಹಾಯ ಕರೆಯುವ ಸಲಕರಣೆಯೂ ಒಂದಿದೆ. ಅಪಘಾತವಾದರೆ 406 ಮೆಗಾಹರ್ಟ್ಸ್‌ನಲ್ಲಿ ಉಪಗ್ರಹಕ್ಕೆ ಕೂಗುವ ತುರ್ತು ಬೀಕನ್. ಭಾರತದಲ್ಲಿ ಆ ಕೂಗನ್ನು ಕೇಳುವ ನಿಯಂತ್ರಣ ಕೇಂದ್ರ ಇರುವುದು ಬೆಂಗಳೂರಿನಲ್ಲೇ, ಇಸ್ರೊದ ಇಸ್ಟ್ರಾಕ್‌ನಲ್ಲಿ. ಬೀಕನ್ನಿನ ಸಂಖ್ಯೆ ನೋಂದಣಿಯಾಗಿದ್ದರೆ ಮಾತ್ರ ಅದು ಯಾರ ವಿಮಾನ, ಯಾರಿಗೆ ಫೋನ್ ಮಾಡಬೇಕು ಎಂದು ಅವರಿಗೆ ತಕ್ಷಣ ತಿಳಿಯುತ್ತದೆ. ಅದರ ಬ್ಯಾಟರಿಯ ಅವಧಿ ನೋಡುವುದನ್ನೂ ಚೀಲದ ಪಟ್ಟಿಗೆ ಸೇರಿಸಿ.

ನಾಡಿಗೊಂದು ಮಾತು

ಕರ್ನಾಟಕದಲ್ಲಿ ಈಗ ಇಳಿಯಲು ಜಾಗಗಳಿವೆ. 2019ರಲ್ಲಿ ಕಲಬುರಗಿ, 2023ರಲ್ಲಿ ಶಿವಮೊಗ್ಗ ವಿಮಾನ ನಿಲ್ದಾಣಗಳು ತೆರೆದವು. ಮೈಸೂರು, ಹುಬ್ಬಳ್ಳಿ, ಬೆಳಗಾವಿ, ಬೀದರ್ ಇವೆ. ಪಿಸ್ಟನ್ ವಿಮಾನಗಳ ಇಂಧನವನ್ನು 2022ರಿಂದ ಇಂಡಿಯನ್ ಆಯಿಲ್ ಸಂಸ್ಥೆ ದೇಶದಲ್ಲೇ ತಯಾರಿಸುತ್ತಿದೆ. ಹಂಸ-ಎನ್‌ಜಿ ನಮ್ಮೂರಿನದೇ. ಪುಟ್ಟ ವಿಮಾನಗಳ ಸಂಚಾರ ಬೆಳೆಯಲು ಬೇಕಾದ ಬಹಳಷ್ಟು ನಮ್ಮಲ್ಲಿದೆ. ಪ್ರತಿ ನಿಲ್ದಾಣದಲ್ಲಿ ಪುಟ್ಟ ವಿಮಾನಗಳಿಗೆಂದು ಗಟ್ಟಿ ಕೊಕ್ಕೆಗಳಿರುವ ಒಂದು ಮೂಲೆ, ಚಕ್ರಕ್ಕೆ ಗಾಳಿ, ಒಂದು ಬೀಗದ ಕಪಾಟಿನಲ್ಲಿ ಲೆಕ್ಕವಿಟ್ಟ ಸಾಮಾನ್ಯ ಸಲಕರಣೆಗಳು, ಹತ್ತಿರದ ಪರವಾನಗಿ ಎಂಜಿನಿಯರ್‌ಗಳ ಹೆಸರಿನ ಪಟ್ಟಿ ಇರಲಿ. ಇದಕ್ಕೆ ಕೋಟಿಗಳ ಯೋಜನೆ ಬೇಡ. ನಿಲ್ದಾಣದ ಅಧಿಕಾರಿಗಳು ಮನಸ್ಸು ಮಾಡಿದರೆ ಸಾಕು.

ಹಾರಾಟ ಕಲಿಯುತ್ತಿರುವ ಮಕ್ಕಳಿಗೂ ಅವರ ತಂದೆತಾಯಿಗಳಿಗೂ ನನ್ನದೊಂದು ಕೋರಿಕೆ. ಕಲಿಕೆಗೆ ಲಕ್ಷಗಟ್ಟಲೆ ಖರ್ಚು ಮಾಡುತ್ತೀರಿ. ಅದರ ಜೊತೆಗೆ ಕೆಲವು ವಾರ ಹ್ಯಾಂಗರಿನ ಮೆಕ್ಯಾನಿಕ್ ಪಕ್ಕದಲ್ಲಿ ನಿಂತು ಕಲಿಯಲು ಬಿಡುವು ಮಾಡಿಕೊಳ್ಳಿ. ಪ್ಲಗ್ಗು ಬಿಚ್ಚುವುದು, ತಂತಿ ತಿರುಚುವುದು, ಎಣ್ಣೆಯ ಬಣ್ಣ ಓದುವುದು ಅವರ ಕೈ ಕೆಳಗೆ ನಡೆಯಲಿ. ಆ ಕೈಗಳು ಗೌರವಕ್ಕೆ ಯೋಗ್ಯ, ನಮ್ಮ ನಗರದ ವಿಮಾನಗಳು ಹಾರುತ್ತಿರುವುದು ಅವುಗಳಿಂದ. ಚೀಲ ಕಟ್ಟುವಾಗ ನಿಮಗೆ ಬಳಸಲು ಬಾರದ ಸಲಕರಣೆಯನ್ನು ನಿಮಗಾಗಿ ಹಾಕಿಕೊಳ್ಳಬೇಡಿ, ಎಂಜಿನಿಯರಿಗಾಗಿ ಹಾಕಿಕೊಳ್ಳಿ. ಹೊರಡುವ ಮುನ್ನ ತೂಗಿ, ತೆರೆದಾಗಲೆಲ್ಲ ಎಣಿಸಿ. ಅನುಮಾನ ಬಂದರೆ ಹಾರಬೇಡಿ; ಬಸ್ಸು ಹಿಡಿದು ಮನೆಗೆ ಬನ್ನಿ, ವಿಮಾನ ಅಲ್ಲೇ ಹಗ್ಗಕ್ಕೆ ಕಟ್ಟಿಕೊಂಡು ಕಾಯುತ್ತದೆ.